ಹರಿದ ತೆರೆ, ಉಳಿದ ಗೋಡೆಗಳು

ತುರ್ಕಿ ದೇಶದ ಇಸ್ತಾಂಬುಲ್ ನಗರದ ಪುರಾತತ್ವ ಸಂಗ್ರಹಾಲಯದಲ್ಲಿ ಸುಣ್ಣಕಲ್ಲಿನ ಒಂದು ಫಲಕವಿದೆ. ಅದರ ಮೇಲೆ ಗ್ರೀಕ್ ಭಾಷೆಯ ಏಳು ಸಾಲುಗಳನ್ನು ಕೊರೆದಿದ್ದಾರೆ. ಅನ್ಯಜನಾಂಗದವರು ಯಾರೂ ಈ ಅಡ್ಡಗೋಡೆಯನ್ನು ದಾಟಿ ಒಳಗೆ ಬರಬಾರದು, ಬಂದು ಸಿಕ್ಕಿಬಿದ್ದವನ ಸಾವಿಗೆ ಅವನೇ ಹೊಣೆ ಎಂಬುದು ಅದರ ತಾತ್ಪರ್ಯ. 1871ರಲ್ಲಿ ಫ್ರೆಂಚ್ ವಿದ್ವಾಂಸ ಕ್ಲೆರ್ಮೋ-ಗಾನೊ ಇದನ್ನು ಜೆರುಸಲೇಮಿನಲ್ಲಿ ಪತ್ತೆ ಹಚ್ಚಿದರು. ಆಗ ಆ ಊರು ತುರ್ಕಿ ಸುಲ್ತಾನರ ಆಳ್ವಿಕೆಯಲ್ಲಿದ್ದುದರಿಂದ ಕಲ್ಲು ಇಸ್ತಾಂಬುಲ್ ಸೇರಿತು. ಇಂಥದೇ ಇನ್ನೊಂದು ಕಲ್ಲಿನ ತುಂಡು 1935ರಲ್ಲಿ ಸಿಕ್ಕಿತು. ಅದು ಜೆರುಸಲೇಮಿನ ಇಸ್ರೇಲ್ ಸಂಗ್ರಹಾಲಯದಲ್ಲಿದೆ.

ಯೇಸುಸ್ವಾಮಿಯ ಕಾಲದಲ್ಲಿ ಇಂಥ ಕಲ್ಲುಗಳು ಮಹಾದೇವಾಲಯದ ಅಂಗಳದಲ್ಲಿ ಸಾಲಾಗಿ ನಿಂತಿದ್ದವು. ಹಬ್ಬಕ್ಕೆಂದು ಗಲಿಲೇಯದಿಂದ ನಡೆದು ಬರುತ್ತಿದ್ದ ಅವರ ಕಣ್ಣಿಗೂ ಬಿದ್ದಿರಲೇಬೇಕು. ದೇವರನ್ನು ಹುಡುಕಿಕೊಂಡು ಬಂದವನಿಗೆ "ನಿನಗೆ ಇಲ್ಲಿಯವರೆಗೆ ಮಾತ್ರ" ಎಂದು ಹೇಳುವ ಕಲ್ಲು ಅದು.

ಪ್ರಿಯ ಓದುಗರೇ, ದೇವರ ಮನೆ ಕಟ್ಟಿದಲ್ಲೆಲ್ಲ ಮನುಷ್ಯ ಒಂದು ಗೆರೆಯನ್ನೂ ಎಳೆದಿದ್ದಾನೆ. ಕೆಲವೆಡೆ ಅದು ಗೋಡೆ, ಕೆಲವೆಡೆ ತೆರೆ, ಕೆಲವೆಡೆ ಕಟಕಟೆ. ದೇವರು ಪರಮ ಪವಿತ್ರರು, ಅವರ ಮುಂದೆ ತಲೆಬಾಗಿ ನಿಲ್ಲಬೇಕು ಎಂದು ನೆನಪಿಸುವ ಗೆರೆ ಒಂದು ಬಗೆಯದು. ನೀನು ಮೇಲು, ಅವನು ಕೀಳು ಎಂದು ಮನುಷ್ಯರನ್ನು ವಿಂಗಡಿಸುವ ಗೆರೆ ಇನ್ನೊಂದು ಬಗೆಯದು. ನೋಡಲು ಎರಡೂ ಒಂದೇ ತರಹ. ಇವೆರಡನ್ನು ಬೇರ್ಪಡಿಸಿ ನೋಡಲು ಕಲಿಯುವುದಕ್ಕಾಗಿ ಜೆರುಸಲೇಮಿನಿಂದ ಹೊರಟು ನಮ್ಮೂರ ಚರ್ಚಿನ ಬಾಗಿಲವರೆಗೆ ಒಂದು ಯಾತ್ರೆ ಮಾಡೋಣ ಬನ್ನಿ.

ಅಂಗಳದಿಂದ ಅಂಗಳಕ್ಕೆ

ಅರಸ ಹೆರೋದ ಕ್ರಿ.ಪೂ. 20ರ ಸುಮಾರಿಗೆ ಮಹಾದೇವಾಲಯವನ್ನು ಹೊಸದಾಗಿ ಕಟ್ಟಿಸಲು ತೊಡಗಿದ. ಬೆಟ್ಟದ ಸುತ್ತ ದೊಡ್ಡ ಗೋಡೆಗಳನ್ನೆಬ್ಬಿಸಿ, ಮಣ್ಣು ತುಂಬಿಸಿ, ಸುಮಾರು 35 ಎಕರೆಯ ಸಮತಟ್ಟು ಜಾಗ ಮಾಡಿಸಿದ. ಅದರ ಹೊರ ಅಂಗಳಕ್ಕೆ ಯಾರು ಬೇಕಾದರೂ ಬರಬಹುದಿತ್ತು. ಗ್ರೀಕರು, ರೋಮನ್ನರು, ಸಿರಿಯದ ವ್ಯಾಪಾರಿಗಳು ಎಲ್ಲರೂ ಅಲ್ಲಿ ಅಡ್ಡಾಡುತ್ತಿದ್ದರು. ಸ್ವಲ್ಪ ಮುಂದೆ ಹೋದರೆ ಆ ಎಚ್ಚರಿಕೆಯ ಅಡ್ಡಗೋಡೆ. ಅದು ಮೂರು ಮೊಳ ಎತ್ತರವಿತ್ತೆಂದು ಯೆಹೂದ್ಯ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಮೂರು ಮೊಳವೆಂದರೆ ಎಷ್ಟು? ಆಚೆಗೆ ಏನು ನಡೆಯುತ್ತಿದೆ ಎಂದು ಇಣುಕಿ ನೋಡಬಹುದು, ಹೋಗುವಂತಿಲ್ಲ.

ಅದನ್ನು ದಾಟಿದರೆ ಸ್ತ್ರೀಯರ ಅಂಗಳ. ಯೆಹೂದ್ಯ ಸ್ತ್ರೀಪುರುಷರೆಲ್ಲರೂ ಅಲ್ಲಿ ಸೇರುತ್ತಿದ್ದರು. ಕಾಣಿಕೆ ಹಾಕಲು ಕಹಳೆಯಾಕಾರದ ಬಾಯಿಯುಳ್ಳ ಹದಿಮೂರು ಪೆಟ್ಟಿಗೆಗಳಿದ್ದುದೂ ಅಲ್ಲಿಯೇ. ಬಡ ವಿಧವೆ ತನ್ನ ಎರಡು ಕಾಸನ್ನು ಹಾಕಿದ್ದು ಆ ಅಂಗಳದಲ್ಲೇ ಎಂದು ತಿಳಿಯಲಾಗುತ್ತದೆ. ಅಲ್ಲಿಂದ ಹದಿನೈದು ಮೆಟ್ಟಿಲು ಹತ್ತಿ ನಿಕಾನೋರ್ ದ್ವಾರವನ್ನು ದಾಟಿದರೆ ಇಸ್ರಯೇಲ್ ಪುರುಷರ ಅಂಗಳ. ಅದರ ಅಗಲ ಹನ್ನೊಂದೇ ಮೊಳ. ಅದರಾಚೆ ಯಾಜಕರ ಅಂಗಳ, ಬಲಿಪೀಠ. ಮತ್ತೂ ಆಚೆ ಪವಿತ್ರಸ್ಥಾನ. ಕೊನೆಯಲ್ಲಿ, ತೆರೆಯ ಹಿಂದೆ, ಇಪ್ಪತ್ತು ಮೊಳ ಉದ್ದ, ಇಪ್ಪತ್ತು ಮೊಳ ಅಗಲದ ಗರ್ಭಗುಡಿ. ಅದರೊಳಗೆ ಹೋಗುವವನು ಪ್ರಧಾನ ಯಾಜಕ ಒಬ್ಬನೇ, ಅದೂ ವರ್ಷಕ್ಕೊಂದು ದಿನ, ದೋಷಪರಿಹಾರದ ದಿನದಂದು, ಬಿಳಿಯ ನಾರುಮಡಿ ಉಟ್ಟು.

ಆ ಗರ್ಭಗುಡಿಯಲ್ಲಿ ಏನಿತ್ತು? ಕ್ರಿ.ಪೂ. 63ರಲ್ಲಿ ಊರನ್ನು ಗೆದ್ದ ರೋಮನ್ ಸೇನಾಪತಿ ಪಾಂಪೆ ಕುತೂಹಲ ತಡೆಯಲಾರದೆ ಒಳನುಗ್ಗಿ ನೋಡಿದ. ಆಗಿನ್ನೂ ಹೆರೋದನ ಕಟ್ಟಡ ಎದ್ದಿರಲಿಲ್ಲ, ಹಿಂದಿನ ದೇವಾಲಯ ಇತ್ತು. ಒಳಗೆ ವಿಗ್ರಹವಿರಲಿಲ್ಲ. ಕೋಣೆ ಬರಿದಾಗಿತ್ತು. ಹೊರಗಿನವನಿಗೆ ಅದೊಂದು ವಿಚಿತ್ರ. ಯೆಹೂದ್ಯರಿಗೆ ಮಾತ್ರ ಅದೇ ವಿಶ್ವಾಸದ ತಿರುಳು. ದೇವರನ್ನು ಯಾವ ರೂಪದಲ್ಲೂ ಹಿಡಿದಿಡಲಾಗದು. ಮೊದಲ ದೇವಾಲಯವನ್ನು ಕಟ್ಟಿಸಿದ ಸೊಲೊಮೋನನು ಪ್ರತಿಷ್ಠೆಯ ದಿನದಂದೇ, ಆಕಾಶವೇ ಸಾಲದ ದೇವರಿಗೆ ಈ ಮನೆ ಎಷ್ಟರದು ಎಂದು ಬೆರಗಾಗಿದ್ದ. ದೂರದೇಶದ ಅನ್ಯನೊಬ್ಬ ಬಂದು ಇಲ್ಲಿ ಪ್ರಾರ್ಥಿಸಿದರೆ ಅವನಿಗೂ ಕಿವಿಗೊಡು ಎಂದು ಬೇಡಿಕೊಂಡಿದ್ದ. ಆದುದರಿಂದ ಯೆಹೂದ್ಯರದು ಬರೀ ಗೋಡೆ ಕಟ್ಟುವ ಧರ್ಮ ಎಂದು ನಾವು ಹೇಳಕೂಡದು. ಅನ್ಯರಿಗೂ ದೇವರ ಮನೆಯಲ್ಲಿ ಪಾಲುಂಟು ಎಂದು ಸಾರಿದವರು ಅವರ ಪ್ರವಾದಿಗಳೇ. ದೇವಾಲಯದಲ್ಲಿ ವ್ಯಾಪಾರದವರನ್ನು ಹೊರಗಟ್ಟಿದ ದಿನ ಯೇಸುಸ್ವಾಮಿ ನೆನಪಿಸಿದ್ದು ಪ್ರವಾದಿ ಯೆಶಾಯನ ಆ ಮಾತನ್ನೇ. ಅನ್ಯರಿಗೆಂದು ಬಿಟ್ಟಿದ್ದ ಹೊರ ಅಂಗಳವೇ ಸಂತೆಯಾಗಿತ್ತೆಂದು ಅನೇಕ ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ಇದ್ದುದೊಂದು ಜಾಗವನ್ನೂ ಅವರಿಂದ ಕಸಿದುಕೊಂಡಂತಾಗಿತ್ತು.

ಇನ್ನೊಂದು ವಿಷಯವನ್ನು ನಾವು ಮರೆತುಬಿಡುತ್ತೇವೆ. ಯೇಸುಸ್ವಾಮಿ ಲೇವಿ ಕುಲದವರಲ್ಲ, ಯೂದ ಕುಲದವರು. ಭೂಲೋಕದಲ್ಲಿದ್ದಿದ್ದರೆ ಅವರು ಯಾಜಕರಾಗುವಂತಿರಲಿಲ್ಲ ಎಂದು ಹಿಬ್ರಿಯರಿಗೆ ಬರೆದ ಪತ್ರವೇ ಹೇಳುತ್ತದೆ. ಅಂದರೆ ಆ ತೆರೆಯ ಹತ್ತಿರಕ್ಕೂ ಅವರಿಗೆ ಪ್ರವೇಶವಿರಲಿಲ್ಲ. ದೇವಪುತ್ರರು ತಮ್ಮ ತಂದೆಯ ಮನೆಯಲ್ಲೇ ಹೊರಗೆ ನಿಂತವರ ಜೊತೆ ನಿಂತಿದ್ದರು. ಶುಭಶುಕ್ರವಾರದಂದು ಅವರು ಪ್ರಾಣಬಿಟ್ಟ ಗಳಿಗೆಯಲ್ಲಿ ಆ ತೆರೆ ಮೇಲಿನಿಂದ ಕೆಳಗಿನವರೆಗೆ ಹರಿಯಿತೆಂದು ಸಂತ ಮಾರ್ಕನು ಬರೆಯುತ್ತಾನೆ. ಮೇಲಿನಿಂದ ಹರಿದದ್ದು, ಅಂದರೆ ಮನುಷ್ಯನ ಕೈ ಹರಿದದ್ದಲ್ಲ.

ತೆರೆ ಹರಿಯಿತು, ಅಂಗಳದ ಅಡ್ಡಗೋಡೆ ಮಾತ್ರ ಉಳಿಯಿತು. ಕೆಲವು ವರ್ಷಗಳ ಬಳಿಕ ಸಂತ ಪೌಲ ಅದೇ ದೇವಾಲಯಕ್ಕೆ ಬಂದಾಗ, ಎಫೆಸದ ತ್ರೊಫಿಮನೆಂಬ ಅನ್ಯನನ್ನು ಒಳಕ್ಕೆ ಕರೆತಂದನೆಂಬ ಸಂಶಯದಿಂದ ಜನ ಅವನನ್ನು ಹಿಡಿದು ಹೊಡೆದರು. ರೋಮನ್ ಸೈನಿಕರು ಬಂದು ಬಿಡಿಸದಿದ್ದರೆ ಅವನು ಉಳಿಯುತ್ತಿರಲಿಲ್ಲ. ಕ್ರಿಸ್ತರು ಎರಡು ಜನಾಂಗಗಳನ್ನು ಬೇರ್ಪಡಿಸಿದ್ದ ನಡುಗೋಡೆಯನ್ನು ಕೆಡವಿದರೆಂದು ಎಫೆಸದವರಿಗೆ ಬರೆದ ಪತ್ರದಲ್ಲಿ ಓದುವಾಗ, ಇಸ್ತಾಂಬುಲ್‌ನಲ್ಲಿರುವ ಆ ಕಲ್ಲು ನಮ್ಮ ಕಣ್ಣಮುಂದಿರಲಿ. ಆ ಗೋಡೆಗಾಗಿ ಪೆಟ್ಟು ತಿಂದವನ ಅನುಭವ ಆ ಮಾತಿನ ಹಿಂದಿದೆ.

ಪಶ್ಚಿಮ ಗೋಡೆಯ ಮುಂದೆ

ಕ್ರಿ.ಶ. 70ರಲ್ಲಿ ರೋಮನ್ ಸೇನಾಪತಿ ಟೈಟಸ್ ಮಹಾದೇವಾಲಯವನ್ನು ನಾಶಮಾಡಿದ. ಉಳಿದದ್ದು ಬೆಟ್ಟದ ಸುತ್ತಲಿನ ಆಧಾರ ಗೋಡೆಗಳು. ಅವುಗಳಲ್ಲಿ ಪಶ್ಚಿಮದ ಗೋಡೆ ಯೆಹೂದ್ಯರಿಗೆ ಅತ್ಯಂತ ಪವಿತ್ರ. ಇಡೀ ಗೋಡೆ ಸುಮಾರು 488 ಮೀಟರ್ ಉದ್ದವಿದ್ದರೂ, ಪ್ರಾರ್ಥನೆಗೆಂದು ತೆರೆದ ಬಯಲಿನ ಮುಂದೆ ಕಾಣುವುದು ಸುಮಾರು 60 ಮೀಟರ್ ಮಾತ್ರ. ಯಾತ್ರಿಕ ಗಂಡಸರಿಗೆ ತಲೆ ಮುಚ್ಚಿಕೊಳ್ಳಲು ಬಾಗಿಲಲ್ಲೇ ಟೋಪಿ ಇಟ್ಟಿರುತ್ತಾರೆ. ಕಲ್ಲಿನ ಸಂದುಗಳಲ್ಲಿ ಪ್ರಾರ್ಥನೆ ಬರೆದ ಚೀಟಿಗಳು ತುಂಬಿರುತ್ತವೆ. 2000ದ ಮಾರ್ಚ್ 26ರಂದು ಪೋಪ್ ಎರಡನೆಯ ಜಾನ್ ಪಾಲ್ ಕೂಡ ಅಲ್ಲಿ ಒಂದು ಚೀಟಿ ಇಟ್ಟರು. ಯೆಹೂದ್ಯರಿಗೆ ಆದ ನೋವಿಗಾಗಿ ದೇವರ ಕ್ಷಮೆ ಕೋರುವ ಪ್ರಾರ್ಥನೆ ಅದರಲ್ಲಿತ್ತು. ಪ್ರಾರ್ಥನೆ ಮುಗಿಸಿದ ಅನೇಕರು ಗೋಡೆಗೆ ಬೆನ್ನು ತೋರಿಸದೆ ಹಿಂದಡಿ ಇಡುತ್ತಾ ಬರುವುದನ್ನು ನೋಡಿದರೆ, ಭಯಭಕ್ತಿ ಎಂಬ ಮಾತಿನ ಅರ್ಥ ಹೊಸದಾಗಿ ತಿಳಿಯುತ್ತದೆ.

ಆ ಬಯಲಿನಲ್ಲೂ ಒಂದು ಅಡ್ಡತಡಿಕೆ ಇದೆ. ಒಂದು ಕಡೆ ಗಂಡಸರು, ಇನ್ನೊಂದು ಕಡೆ ಹೆಂಗಸರು. ಹೆಂಗಸರ ಭಾಗ ಚಿಕ್ಕದು. ಹದಿಮೂರು ತುಂಬಿದ ಹುಡುಗ ಮೊದಲ ಬಾರಿಗೆ ಧರ್ಮಶಾಸ್ತ್ರದ ಸುರುಳಿ ಓದುವಾಗ ತಾಯಿ, ಅಜ್ಜಿ, ಅಕ್ಕಂದಿರು ಕುರ್ಚಿಯ ಮೇಲೆ ಹತ್ತಿ ತಡಿಕೆಯ ಮೇಲಿಂದ ನೋಡುತ್ತಾರೆ, ಸಂತೋಷಕ್ಕೆ ಮಿಠಾಯಿ ಎಸೆಯುತ್ತಾರೆ. ಈ ತಡಿಕೆ ಪ್ರಾರ್ಥನೆಯಲ್ಲಿ ಮನಸ್ಸು ಚದುರದಿರಲೆಂದು ಎಂಬುದು ಸಂಪ್ರದಾಯಸ್ಥರ ವಾದ. 1988ರಿಂದ ಯೆಹೂದ್ಯ ಸ್ತ್ರೀಯರ ಒಂದು ಗುಂಪು, ತಾವೂ ಅಲ್ಲಿ ಗಟ್ಟಿಯಾಗಿ ಪ್ರಾರ್ಥಿಸಿ ಧರ್ಮಶಾಸ್ತ್ರ ಓದಬೇಕೆಂದು ಹಕ್ಕು ಕೇಳುತ್ತಾ ಬಂದಿದೆ. ಎಲ್ಲಿ ದೇವಭಯ ಮುಗಿಯುತ್ತದೆ, ಎಲ್ಲಿ ವಿಂಗಡಣೆ ಶುರುವಾಗುತ್ತದೆ ಎಂಬ ಪ್ರಶ್ನೆಯನ್ನು ಅವರು ತಮ್ಮ ಮನೆಯೊಳಗೇ ಚರ್ಚಿಸುತ್ತಿದ್ದಾರೆ.

ಇಂಥ ಏರ್ಪಾಟು ನೋಡಲು ಅಷ್ಟು ದೂರ ಹೋಗಬೇಕೆಂದಿಲ್ಲ. ಕಾಸರಗೋಡಿನಲ್ಲಿ ರೈಲು ಹತ್ತಿ ಎರ್ನಾಕುಲಂನಲ್ಲಿ ಇಳಿದರೆ ಮಟ್ಟಾಂಚೇರಿ ಹತ್ತಿರವೇ. ಅಲ್ಲಿ 1568ರಲ್ಲಿ ಕಟ್ಟಿದ ಯೆಹೂದ್ಯರ ಪರದೇಶಿ ಪ್ರಾರ್ಥನಾಮಂದಿರವಿದೆ. ನೆಲಕ್ಕೆ ಚೀನಾದ ನೀಲಿ ಹೆಂಚು, ಮೇಲೆ ಗಾಜಿನ ದೀಪಗೊಂಚಲು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಧರ್ಮಶಾಸ್ತ್ರದ ಸುರುಳಿಗಳನ್ನಿಟ್ಟ ಮಂಟಪದ ಮುಂದೆ ತೆರೆ ಇಳಿಬಿಟ್ಟಿರುತ್ತದೆ. ಅದು ಮಹಾದೇವಾಲಯದ ತೆರೆಯ ನೆನಪು. ಹೆಂಗಸರಿಗೆ ಮಹಡಿಯ ಮೇಲೆ ಜಾಗ. ಆದರೆ ಕೇರಳದ ಯೆಹೂದ್ಯರು ಬೇರೆಲ್ಲೂ ಕಾಣದ ಒಂದು ಕೆಲಸ ಮಾಡಿದರು: ಕೆಳಗಿನ ವಾಚನಪೀಠವಲ್ಲದೆ ಮಹಡಿಯ ಮೇಲೂ ಒಂದು ಪೀಠವಿಟ್ಟರು, ಅದೂ ಹೆಂಗಸರ ಜಾಗಕ್ಕೆ ಅಂಟಿಕೊಂಡಂತೆ. ಸಬ್ಬತ್ ಮತ್ತು ಹಬ್ಬದ ದಿನಗಳಲ್ಲಿ ದೇವರ ವಾಕ್ಯ ಅಲ್ಲಿಂದ ಕೇಳಿಬರುತ್ತಿತ್ತು. ತಡಿಕೆ ಇದ್ದರೂ ವಾಕ್ಯ ಅವರ ಬಳಿಗೇ ಹೋಯಿತು.

ಗೋಡೆ ಕೆಡವಿ ಮಾಡಿದ ಚರ್ಚ್

ಇನ್ನು ನಮ್ಮ ಕ್ರೈಸ್ತರ ಕಥೆ. ಮೊದಲ ಕ್ರೈಸ್ತರಿಗೆ ದೇವಾಲಯವೇ ಇರಲಿಲ್ಲ, ಮನೆಗಳಲ್ಲಿ ರೊಟ್ಟಿ ಮುರಿಯುತ್ತಿದ್ದರು. ಅಂಥ ಒಂದು ಮನೆ ಸಿರಿಯ ದೇಶದಲ್ಲಿ ಯೂಫ್ರೆಟಿಸ್ ನದಿಯ ದಡದ ದೂರಾ-ಯೂರೋಪೊಸ್ ಎಂಬ ಹಾಳೂರಿನಲ್ಲಿ ಸಿಕ್ಕಿದೆ. 256ರ ಸುಮಾರಿಗೆ ಪರ್ಷಿಯನ್ನರು ಮುತ್ತಿದಾಗ, ಕೋಟೆ ಗೋಡೆಯನ್ನು ಭದ್ರಪಡಿಸಲೆಂದು ರೋಮನ್ನರು ಪಕ್ಕದ ಬೀದಿಯ ಮನೆಗಳಿಗೆಲ್ಲ ಮಣ್ಣು ತುಂಬಿದರು. ಅದರಿಂದಾಗಿ ಅವು ಉಳಿದುಕೊಂಡವು. 1930ರ ದಶಕದ ಆರಂಭದಲ್ಲಿ ಅಗೆದಾಗ ಅದೇ ಬೀದಿಯಲ್ಲಿ ಚಿತ್ರಗಳಿಂದ ತುಂಬಿದ ಯೆಹೂದ್ಯರ ಪ್ರಾರ್ಥನಾಮಂದಿರವೂ, ಕ್ರೈಸ್ತರ ಮನೆಚರ್ಚೂ ಸಿಕ್ಕಿದವು. ಕ್ರೈಸ್ತರು ಅಲ್ಲಿ ಸಾಧಾರಣ ವಾಸದ ಮನೆಯೊಂದನ್ನು ತೆಗೆದುಕೊಂಡು, ಎರಡು ಕೋಣೆಗಳ ನಡುವಿನ ಗೋಡೆಯನ್ನು ಕೆಡವಿ, ಎಲ್ಲರೂ ಒಟ್ಟಿಗೆ ಕೂರುವ ಒಂದು ಕೋಣೆ ಮಾಡಿದ್ದರು. ನಮಗೆ ಗೊತ್ತಿರುವ ಅತಿ ಹಳೆಯ ಚರ್ಚುಗಳಲ್ಲಿ ಒಂದು ಹೀಗೆ ಗೋಡೆ ಕೆಡವುವುದರಿಂದ ಆರಂಭವಾಯಿತು!

ಮತ್ತೆ ಬಂದ ಕಟಕಟೆ

ರೋಮನ್ ಚಕ್ರವರ್ತಿಗಳು ಕ್ರೈಸ್ತರಾದ ಮೇಲೆ ದೊಡ್ಡ ದೊಡ್ಡ ಚರ್ಚುಗಳು ಎದ್ದವು. ಜನಜಂಗುಳಿ ಹೆಚ್ಚಿದಂತೆ ಬಲಿಪೀಠದ ಸುತ್ತ ಕಟಕಟೆ ಬಂತು. ನಾಲ್ಕನೆಯ ಶತಮಾನದ ಆರಂಭದಲ್ಲೇ ತೂರಿನ ಚರ್ಚಿನಲ್ಲಿ ಮರದ ಜಾಲಂಧರ ಇತ್ತೆಂದು ಇತಿಹಾಸಕಾರ ಯುಸೇಬಿಯಸ್ ಬರೆದಿದ್ದಾರೆ. ಪೂರ್ವದ ಕ್ರೈಸ್ತರಲ್ಲಿ ಅದು ಸಂತರ ಚಿತ್ರಗಳ ಗೋಡೆಯಾಗಿ ಬೆಳೆಯಿತು. ನಡುವೆ ಬಾಗಿಲು, ಪೂಜೆಯ ನಿರ್ದಿಷ್ಟ ಗಳಿಗೆಯಲ್ಲಿ ಅದು ತೆರೆಯುತ್ತದೆ. ಪಶ್ಚಿಮ ಯೂರೋಪಿನಲ್ಲಿ ಶಿಲುಬೆ ಹೊತ್ತ ದೊಡ್ಡ ಅಡ್ಡಪರದೆಗಳು ಕಲ್ಲಿನಲ್ಲೂ ಮರದಲ್ಲೂ ಎದ್ದವು. ಅವುಗಳಾಚೆ ಗುರುಗಳು ಲತೀನಿನಲ್ಲಿ ಪೂಜೆ ಅರ್ಪಿಸುತ್ತಿದ್ದರು, ಈಚೆ ಜನ ಜಪಸರ ಹಿಡಿದು ನಿಂತಿರುತ್ತಿದ್ದರು. ಪರಮಪ್ರಸಾದ ಸ್ವೀಕರಿಸುವವರು ವರ್ಷಕ್ಕೊಮ್ಮೆ, ಪಾಸ್ಕಕ್ಕೆ. ಯೆಹೂದ್ಯರನ್ನಂತೂ ಊರಿನೊಳಗೇ ಗೋಡೆ ಕಟ್ಟಿ ಕೂಡಿಟ್ಟೆವು: ವೆನಿಸಿನಲ್ಲಿ 1516ರಲ್ಲಿ, ಪೋಪರ ಆಜ್ಞೆಯಂತೆ ರೋಮಿನಲ್ಲೇ 1555ರಲ್ಲಿ. ನಡುಗೋಡೆ ಬಿತ್ತೆಂದು ಪ್ರತಿವರ್ಷ ಓದುತ್ತಲೇ ಹೊಸ ಗೋಡೆ ಎಬ್ಬಿಸಿದವರು ನಾವು.

ಧರ್ಮಸಭೆ ತನ್ನನ್ನು ತಾನು ತಿದ್ದಿಕೊಂಡದ್ದೂ ಉಂಟು. ತ್ರೆಂತ್ ಮಹಾಸಭೆಯ (1545-1563) ನಂತರ ಅಡ್ಡಪರದೆಗಳು ಒಂದೊಂದಾಗಿ ಹೋದವು. ರೋಮಿನ ಯೇಸುಸಭೆಯ ಜೆಸು ಚರ್ಚ್ 1584ರಲ್ಲಿ ಪ್ರತಿಷ್ಠೆಯಾಯಿತು. ಒಂದೇ ವಿಶಾಲ ಅಂಗಣ, ಎಲ್ಲಿ ಕುಳಿತರೂ ಪೀಠ ಕಾಣಬೇಕು, ಪ್ರಸಂಗ ಕೇಳಬೇಕು. ಗೋವಾದ ನಮ್ಮ ಓದುಗರು ಹಳೆ ಗೋವಾದಲ್ಲಿ 1605ರಲ್ಲಿ ಪ್ರತಿಷ್ಠೆಯಾದ ಬೋಂ ಜೇಸು ಬೆಸಿಲಿಕಾವನ್ನು ನೋಡಿಯೇ ಇರುತ್ತಾರೆ. ಅಲ್ಲೂ ಅದೇ ವಿಚಾರ: ಮುಖ್ಯದ್ವಾರದಲ್ಲಿ ನಿಂತವನಿಗೂ ಚಿನ್ನದ ಬಣ್ಣದ ಪೀಠ ಕಾಣುತ್ತದೆ. 1910ರಲ್ಲಿ ಪೋಪ್ ಹತ್ತನೆಯ ಪಯಸ್ ಏಳು ವರ್ಷದ ಸುಮಾರಿನ ಮಕ್ಕಳಿಗೂ ಪರಮಪ್ರಸಾದ ಕೊಡಬೇಕೆಂದು ವಿಧಿಸಿ, ವಯಸ್ಸಿನ ಬೇಲಿಯನ್ನು ತೆಗೆದರು. 1963ರ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ಆರಾಧನಾವಿಧಿಯ ದಸ್ತಾವೇಜನ್ನು ಹೊರಡಿಸಿ, ಜನರೆಲ್ಲರೂ ಅರಿತು ಭಾಗವಹಿಸಬೇಕೆಂದಿತು. ಬಲಿಪೂಜೆ ನಮ್ಮ ಮಾತೃಭಾಷೆಗೆ ಬಂತು, ಗುರುಗಳು ಜನರ ಕಡೆಗೆ ತಿರುಗಿದರು. ಹಿರಿಯರಿಗೆ ನೆನಪಿರಬಹುದು: ಪೀಠದ ಮುಂದೆ ಬಿಳಿ ಬಟ್ಟೆ ಹೊದಿಸಿದ ಕಟಕಟೆ, ಅದರ ಮುಂದೆ ಸಾಲಾಗಿ ಮೊಣಕಾಲೂರಿ ಪ್ರಸಾದ ಸ್ವೀಕಾರ. ಕಟಕಟೆ ತೆಗೆಯಿರೆಂದು ಮಹಾಸಭೆ ಎಲ್ಲೂ ಹೇಳಿರಲಿಲ್ಲ, ಆದರೂ ಬಹಳ ಕಡೆ ತೆಗೆದರು. 1965ರಲ್ಲಿ ಅದೇ ಮಹಾಸಭೆ ಯೆಹೂದ್ಯರ ಬಗೆಗಿನ ಹಳೆಯ ದ್ವೇಷವನ್ನು ಖಂಡಿಸಿತು. 1986ರ ಏಪ್ರಿಲ್ 13ರಂದು ಪೋಪ್ ಎರಡನೆಯ ಜಾನ್ ಪಾಲ್ ರೋಮಿನ ಪ್ರಾರ್ಥನಾಮಂದಿರದ ಹೊಸ್ತಿಲು ತುಳಿದರು.

ಹಾಗಾದರೆ ತೆರೆ, ಕಟಕಟೆ ಎಲ್ಲ ತಪ್ಪೇ? ಅಲ್ಲ. ವಯನಾಡಿನಲ್ಲಿ, ಕಾಸರಗೋಡಿನ ಮಲೆಸೀಮೆಯಲ್ಲಿ ನಮ್ಮ ನೆರೆಯ ಸೀರೋ-ಮಲಬಾರ್ ಸಹೋದರರ ಚರ್ಚಿಗೆ ಹೋಗಿ ನೋಡಿ. ಹಲವು ಚರ್ಚುಗಳಲ್ಲಿ ಬಲಿಪೀಠದ ಮುಂದೆ ತೆರೆ ಇರುತ್ತದೆ. ಅದು ಸರಿಯುವ ಗಳಿಗೆಯಲ್ಲಿ ಮಕ್ಕಳೂ ಸದ್ದಡಗಿ ನೋಡುತ್ತಾರೆ. ಆ ತೆರೆ ಯಾರನ್ನೂ ವಿಂಗಡಿಸುವುದಿಲ್ಲ. ತೋಟದ ಧಣಿಗೂ ಕೂಲಿಯಾಳಿಗೂ ಅದು ಒಟ್ಟಿಗೇ ಮುಚ್ಚುತ್ತದೆ, ಒಟ್ಟಿಗೇ ತೆರೆಯುತ್ತದೆ. ಬೆತ್ಲೆಹೇಮಿನಲ್ಲಿ ಯೇಸುಸ್ವಾಮಿ ಹುಟ್ಟಿದ ಸ್ಥಳದ ಚರ್ಚಿನ ಬಾಗಿಲು ಸುಮಾರು ನಾಲ್ಕು ಅಡಿ ಎತ್ತರದ್ದು. ಕುದುರೆ ಗಾಡಿಗಳು ಒಳನುಗ್ಗದಂತೆ ಅದನ್ನು ಚಿಕ್ಕದು ಮಾಡಿದರಂತೆ. ಅರಸನಾಗಲಿ ಕುರುಬನಾಗಲಿ ಬಗ್ಗಿಯೇ ಒಳಗೆ ಹೋಗಬೇಕು. ಎಲ್ಲರನ್ನೂ ಸಮನಾಗಿ ಬಗ್ಗಿಸುವ ತಡೆ ದೇವರ ಕಡೆಯದು. ಒಬ್ಬನನ್ನು ಮಾತ್ರ ನಿಲ್ಲಿಸುವ ತಡೆ ಮನುಷ್ಯರದು.

ನಮ್ಮ ನೆರೆಯಲ್ಲೇ ಒಂದು ಗೋಡೆ

ಈ ಎರಡನೆಯ ಬಗೆಯ ತಡೆಗೆ ಉದಾಹರಣೆ ತಮಿಳುನಾಡಿನಲ್ಲೇ ಇತ್ತು. ತಿರುನೆಲ್ವೇಲಿ ಸೀಮೆಯ ವಡಕ್ಕನ್‌ಕುಳಂ ಎಂಬ ಊರಿನಲ್ಲಿ 1870ರ ದಶಕದಲ್ಲಿ ಪವಿತ್ರ ಕುಟುಂಬದ ಚರ್ಚನ್ನು ವಿಚಿತ್ರ ಆಕಾರದಲ್ಲಿ ಕಟ್ಟಿದರು: ಚಾಚಿದ ಎರಡು ಕಾಲುಗಳಂತೆ ಎರಡು ಭಾಗ, ಅವು ಕೂಡುವಲ್ಲಿ ಬಲಿಪೀಠ, ನಡುವೆ ಗೋಡೆ. ಒಂದು ಬದಿಗೆ ಮೇಲುಜಾತಿಯವರು ಎನಿಸಿಕೊಂಡವರು, ಇನ್ನೊಂದು ಬದಿಗೆ ಉಳಿದವರು. ಬಲಿಪೀಠ ಇಬ್ಬರಿಗೂ ಕಾಣುತ್ತಿತ್ತು, ಅವರಿಗೆ ಪರಸ್ಪರರ ಮುಖ ಮಾತ್ರ ಕಾಣುತ್ತಿರಲಿಲ್ಲ. ಇಲ್ಲಿ ದೇವರಿಗೂ ಮನುಷ್ಯನಿಗೂ ನಡುವೆ ತಡೆಯೇ ಇಲ್ಲ. ಇದ್ದ ತಡೆ ಕ್ರೈಸ್ತನಿಗೂ ಕ್ರೈಸ್ತನಿಗೂ ನಡುವೆ. 1910ರ ಸುಮಾರಿಗೆ ಗುರುಗಳು ಆ ಗೋಡೆಯನ್ನು ಕೆಡವಿಸಿದರು. ಮೇಲುಜಾತಿಯವರು ಕೋರ್ಟಿಗೆ ಹೋದರು. ವ್ಯಾಜ್ಯ ಮದ್ರಾಸ್ ಹೈಕೋರ್ಟಿನವರೆಗೆ ಹೋಗಿ ಅವರಿಗೆ ಸೋಲಾಯಿತು. ಗೋಡೆ ಮತ್ತೆ ಏಳಲಿಲ್ಲ.

ಕಲ್ಲಿನ ಗೋಡೆ ಬಿದ್ದ ಮಾತ್ರಕ್ಕೆ ಜಾತಿ ಹೋಗಲಿಲ್ಲ. 2003ರ ನವೆಂಬರ್ 17ರಂದು ತಮಿಳುನಾಡಿನ ಧರ್ಮಾಧ್ಯಕ್ಷರು ರೋಮಿಗೆ ಹೋಗಿದ್ದಾಗ, ಕ್ರೈಸ್ತರ ನಡುವಿನ ಜಾತಿಭೇದ ಧರ್ಮಸಭೆಯ ಸಾಕ್ಷ್ಯಕ್ಕೇ ಅಡ್ಡಿ ಎಂದು ಪೋಪ್ ಎರಡನೆಯ ಜಾನ್ ಪಾಲ್ ಅವರಿಗೆ ಎಚ್ಚರಿಕೆ ಹೇಳಬೇಕಾಯಿತು. ಸತ್ತ ಮೇಲೂ ಸ್ಮಶಾನದಲ್ಲಿ ಬೇರೆ ಬೇರೆ ಜಾಗ ಬೇಕೆನ್ನುವವರು ನಮ್ಮಲ್ಲಿ ಇದ್ದಾರೆ. ಸ್ವರ್ಗಕ್ಕೂ ಎರಡು ಬಾಗಿಲು ಮಾಡಿಸಿಕೊಳ್ಳುವ ಯೋಚನೆಯೋ ಏನೋ!

ನಮ್ಮ ಚರ್ಚಿನ ಬಾಗಿಲಲ್ಲಿ

ಈಗ ನಮ್ಮೂರಿಗೆ ಬಂದೆವು. ಮುಂದಿನ ಭಾನುವಾರ ಪೂಜೆಗೆ ಹತ್ತು ನಿಮಿಷ ಮುಂಚೆ ಬಂದು ಚರ್ಚಿನ ಬಾಗಿಲಲ್ಲಿ ನಿಂತು ನೋಡಿ.

ಬಾಗಿಲಿಗೆ ಎಷ್ಟು ಮೆಟ್ಟಿಲುಗಳಿವೆ? ಪ್ರೇಷಿತರ ಕಾಲದಲ್ಲಿ ಹುಟ್ಟುಕುಂಟನೊಬ್ಬನನ್ನು ದಿನಾಲೂ ದೇವಾಲಯದ ಸುಂದರ ದ್ವಾರದ ಹೊರಗೆ ಕೂರಿಸುತ್ತಿದ್ದರು. ಪೇತ್ರ ಮತ್ತು ಯೊವಾನ್ನರು ಅವನನ್ನು ಗುಣಪಡಿಸಿದಾಗ ಅವನು ಮೊದಲು ಮಾಡಿದ ಕೆಲಸ ಅವರ ಜೊತೆ ಕುಣಿಯುತ್ತಾ ಒಳಗೆ ಹೋದದ್ದು. ಗಾಲಿಕುರ್ಚಿಯಲ್ಲಿರುವ ನಮ್ಮ ಅಜ್ಜಿ, ಊರುಗೋಲಿನ ಅಜ್ಜ ಒಳಗೆ ಬರಲು ಒಂದು ಇಳಿಜಾರು ಕಟ್ಟಿಸುವುದಕ್ಕೆ ಎಷ್ಟು ಮೂಟೆ ಸಿಮೆಂಟು ಬೇಕು?

ಮುಂದಿನ ಬೆಂಚುಗಳಲ್ಲಿ ಯಾರು ಕೂರುತ್ತಾರೆ? ಹಿಂದೆ, ಬಾಗಿಲಿನಾಚೆ ನಿಂತೇ ಪೂಜೆ ಮುಗಿಸುವವರು ಯಾರು? ಅವರು ಒಳಗೆ ಬಾರದಿರುವುದು ಸೋಮಾರಿತನದಿಂದಲೋ, ಇಲ್ಲಿ ತಮಗೆ ಜಾಗವಿಲ್ಲ ಎಂದು ಯಾವಾಗಲೋ ಯಾರೋ ಮನಗಾಣಿಸಿದ್ದರಿಂದಲೋ?

ಗಡಿನಾಡಿನ ನಮ್ಮ ಧರ್ಮಕೇಂದ್ರಗಳಿಗೆ ಇನ್ನೊಂದು ಪ್ರಶ್ನೆಯೂ ಇದೆ. ನಮ್ಮ ಮನೆಗಳಲ್ಲಿ ಕನ್ನಡ, ಕೊಂಕಣಿ, ತುಳು, ಮಲಯಾಳ, ತಮಿಳು, ತೆಲುಗು, ಮರಾಠಿ ಎಲ್ಲವೂ ಉಂಟು. ಅವರವರ ಭಾಷೆಯಲ್ಲಿ ಪೂಜೆ ಇರುವುದು ಒಳ್ಳೆಯದೇ, ಮಾತೃಭಾಷೆಯಲ್ಲಿ ಪ್ರಾರ್ಥಿಸುವ ಹಕ್ಕಿಗಾಗಿ ನಾವೂ ಕಷ್ಟಪಟ್ಟವರೇ. ಆದರೆ ಬೆಳಗಿನ ಪೂಜೆಯವರಿಗೂ ನಂತರದ ಪೂಜೆಯವರಿಗೂ ಅಂಗಳದಲ್ಲಿ ಒಂದು ನಮಸ್ಕಾರದ ಪರಿಚಯವೂ ಇಲ್ಲದಿದ್ದರೆ, ನಮ್ಮ ನಡುವೆ ಮೂರು ಮೊಳದ ಗೋಡೆ ಎದ್ದಿದೆ ಎಂದೇ ಅರ್ಥ. ಶುಭಶುಕ್ರವಾರದ ಶಿಲುಬೆಯಾತ್ರೆಯನ್ನಾದರೂ ಒಟ್ಟಿಗೆ ಮಾಡಬಹುದಲ್ಲವೇ? ಹದಿನಾಲ್ಕು ಸ್ಥಳಗಳನ್ನು ಎಲ್ಲ ಭಾಷೆಗಳಿಗೂ ಹಂಚಿಕೊಟ್ಟರಾಯಿತು.

ಪೀಠಕ್ಕೆ ತೆರೆ ಬೇಕೋ ಬೇಡವೋ, ಪ್ರಸಾದವನ್ನು ನಿಂತು ಸ್ವೀಕರಿಸಬೇಕೋ ಮೊಣಕಾಲೂರಿ ಸ್ವೀಕರಿಸಬೇಕೋ ಎಂಬುದರ ಬಗ್ಗೆ ನಮ್ಮಲ್ಲಿ ಚರ್ಚೆ ನಡೆಯುತ್ತಲೇ ಇರುತ್ತದೆ. ನಡೆಯಲಿ. ದೇವರ ಮುಂದೆ ಎಷ್ಟು ಬಗ್ಗಿದರೂ ನಮಗೆ ನಷ್ಟವಿಲ್ಲ. ಆದರೆ ಆ ಕಟಕಟೆಯ ಈಚೆ ನಮ್ಮ ಪಕ್ಕದಲ್ಲಿ ಯಾರು ಬಂದು ನಿಂತರೂ ಒಂದಿಷ್ಟು ಸರಿದು ಜಾಗ ಕೊಡೋಣ. ತೆರೆಯನ್ನು ಹರಿಯುವ ಕೆಲಸವನ್ನು ದೇವರೇ ಮಾಡಿ ಮುಗಿಸಿದ್ದಾರೆ. ಅಂಗಳದ ಗೋಡೆ ಕೆಡವುವ ಕೆಲಸವನ್ನು ನಮಗೆ ಬಿಟ್ಟಿದ್ದಾರೆ.